ವಿಮಾನದ ದೂರ, ವಿಮಾನದ ಕಾಲ: ಒಂದು ಪ್ರಸಿದ್ಧ ಲೆಕ್ಕದ ಪರಿಶೀಲನೆ

2021ರ ಜನವರಿ 9ರ ರಾತ್ರಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಿಂದ ಹೊರಟ ಏರ್ ಇಂಡಿಯಾ ವಿಮಾನವೊಂದು ನಡುವೆ ಎಲ್ಲಿಯೂ ಇಳಿಯದೆ ಜನವರಿ 11ರ ಬೆಳಗಿನ ಜಾವ ಬೆಂಗಳೂರನ್ನು ತಲುಪಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದ ಚಾಲಕರೆಲ್ಲರೂ ಮಹಿಳೆಯರು. ಈ ಎರಡು ನಗರಗಳ ನಡುವೆ ಅದೇ ಮೊದಲ ತಡೆರಹಿತ ಹಾರಾಟ. ಕರ್ನಾಟಕದ ಅದೆಷ್ಟೋ ಮನೆಗಳ ಮಕ್ಕಳು ಆ ಊರಿನ ಸುತ್ತಮುತ್ತ ಕೆಲಸದಲ್ಲಿರುವುದರಿಂದ ಸುದ್ದಿ ಇಲ್ಲಿ ಮನೆಮಾತಾಯಿತು. ಶಾಲೆಗಳ ಭಿತ್ತಿಪತ್ರಿಕೆಗಳಿಗೂ ಏರಿತು.

ಸುದ್ದಿಯ ಜೊತೆ ನಾಲ್ಕು ಹೇಳಿಕೆಗಳು ಬಂದವು. ಒಂದು, ಈ ಎರಡು ನಗರಗಳು ಭೂಮಿಯ ತದ್ವಿರುದ್ಧ ತುದಿಗಳಲ್ಲಿವೆ, ಗಡಿಯಾರದ ವ್ಯತ್ಯಾಸವೇ 13½ ಗಂಟೆ. ಎರಡು, ಇವುಗಳ ನಡುವಿನ ಆಕಾಶ ದೂರ 13,993 ಕಿ.ಮೀ. ಮೂರು, ವಿಮಾನವು ಉತ್ತರ ಧ್ರುವದ ಮೇಲೆ ಹಾದು ಬಂತು. ಅದು ಹತ್ತಿರದ ದಾರಿಯಾದ್ದರಿಂದ ಹಾಗೆ ಬಂತೆಂಬ ವಿವರಣೆಯೂ ಹಲವೆಡೆ ಕಾಣಿಸಿತು. ನಾಲ್ಕು, ಪ್ರಯಾಣದ ಕಾಲ 17 ಗಂಟೆಗೂ ಹೆಚ್ಚು.

ಚಾಲಕರ ಸಾಧನೆಯ ಬಗ್ಗೆ ಇಲ್ಲಿ ಯಾವ ತಕರಾರೂ ಇಲ್ಲ. ತಕರಾರು ಇರುವುದು ಈ ನಾಲ್ಕು ವಾಕ್ಯಗಳ ಬಗ್ಗೆ. ನಾಲ್ಕೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಅದನ್ನು ಕಂಡುಕೊಳ್ಳಲು ಪ್ರೌಢಶಾಲೆಯ ತ್ರಿಕೋನಮಿತಿ, ಒಂದು ಗ್ಲೋಬು ಮತ್ತು ಒಂದು ಮೊಳ ದಾರ ಸಾಕು. ಹಾಗಿದ್ದೂ ನಾವು ಉಪಾಧ್ಯಾಯರು ಅವನ್ನು ಹಾಗೆಯೇ ತರಗತಿಗೆ ಒಯ್ದೆವು.

ಮೊದಲು 13,993 ಕಿ.ಮೀ. ಎಂಬ ಅಂಕಿಯನ್ನು ನೋಡೋಣ. ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಕನಿಷ್ಠ ದೂರವು ಅವೆರಡರ ಮೂಲಕ ಹಾಯುವ ಮಹಾವೃತ್ತದ ತುಣುಕು. ಗೋಳದ ಕೇಂದ್ರವೇ ಕೇಂದ್ರವಾಗಿರುವ ವೃತ್ತವೇ ಮಹಾವೃತ್ತ. ಸಮಭಾಜಕ ವೃತ್ತ ಅಂಥದ್ದು, ಉಳಿದ ಅಕ್ಷಾಂಶ ವೃತ್ತಗಳು ಅಲ್ಲ. ಬೆಂಗಳೂರಿನ ವಿಮಾನ ನಿಲ್ದಾಣ 13.2° ಉತ್ತರ ಅಕ್ಷಾಂಶ ಮತ್ತು 77.7° ಪೂರ್ವ ರೇಖಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 37.6° ಉತ್ತರ, 122.4° ಪಶ್ಚಿಮದಲ್ಲಿದೆ. ರೇಖಾಂಶಗಳನ್ನು ಕೂಡಿದರೆ 200.1°. ಇನ್ನೊಂದು ಕಡೆಯಿಂದ ಸುತ್ತಿದರೆ 159.9°. ಚಿಕ್ಕದನ್ನು ಇಟ್ಟುಕೊಳ್ಳೋಣ.

ಎರಡು ಅಕ್ಷಾಂಶಗಳ ಸೈನ್‌ಗಳ ಗುಣಲಬ್ಧ 0.139. ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನೂ ರೇಖಾಂಶ ವ್ಯತ್ಯಾಸದ ಕೊಸೈನನ್ನೂ ಗುಣಿಸಿದರೆ –0.724. ಎರಡನ್ನೂ ಕೂಡಿದರೆ –0.585. ಇದು 125.8° ಕೋನದ ಕೊಸೈನ್. ಅಂದರೆ ಭೂಮಿಯ ಕೇಂದ್ರದಲ್ಲಿ ಈ ಎರಡು ಊರುಗಳು ಮಾಡುವ ಕೋನ 125.8°. ಭೂಮಿಯ ಸುತ್ತಳತೆ 40,030 ಕಿ.ಮೀ. ಎಂದಿಟ್ಟುಕೊಂಡರೆ ಈ ಕೋನಕ್ಕೆ 13,988 ಕಿ.ಮೀ. ಬರುತ್ತದೆ. ಪ್ರಕಟವಾದ ಅಂಕಿಗೂ ಇದಕ್ಕೂ ಐದೇ ಕಿಲೋಮೀಟರು ಅಂತರ. ಭೂಮಿ ಪರಿಪೂರ್ಣ ಗೋಳವಲ್ಲ. ಸಮಭಾಜಕದಲ್ಲಿ ಅದರ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357 ಕಿ.ಮೀ. ಆದ್ದರಿಂದ ಇಷ್ಟು ವ್ಯತ್ಯಾಸ ಸಹಜ. ಎರಡನೆಯ ಹೇಳಿಕೆ ಹೀಗೆ ಪರೀಕ್ಷೆಯಲ್ಲಿ ಗೆದ್ದಿತು. ಆದರೆ ಅದು ಮಹಾವೃತ್ತದ ದೂರ, ವಿಮಾನ ಹಾರಿದ ದೂರವಲ್ಲ ಎಂಬುದನ್ನು ಮರೆಯಬಾರದು.

ಈಗ ಮೊದಲ ಹೇಳಿಕೆ ತಾನಾಗಿಯೇ ಬಿದ್ದುಹೋಗುತ್ತದೆ. ತದ್ವಿರುದ್ಧ ತುದಿ ಎಂದರೆ ಕೇಂದ್ರದಲ್ಲಿ 180° ಕೋನ, ಮೇಲ್ಮೈಯಲ್ಲಿ ಸುಮಾರು 20,015 ಕಿ.ಮೀ. ನಮ್ಮ ಊರುಗಳ ನಡುವೆ ಅದಕ್ಕಿಂತ 6,000 ಕಿ.ಮೀ. ಕಡಿಮೆ ಇದೆ. ಬೆಂಗಳೂರಿನ ನಿಜವಾದ ತದ್ವಿರುದ್ಧ ಬಿಂದು 13.2° ದಕ್ಷಿಣ, 102.3° ಪಶ್ಚಿಮದಲ್ಲಿದೆ. ಪೆರು ದೇಶದ ಕರಾವಳಿಯಿಂದ ಸುಮಾರು 2,800 ಕಿ.ಮೀ. ಪಶ್ಚಿಮಕ್ಕೆ, ಪೆಸಿಫಿಕ್ ಸಾಗರದ ಬರಿಯ ನೀರು ಅದು. ಅಲ್ಲಿಗೆ ವಿಮಾನ ಯಾರೂ ಬಿಡಲಾರರು! ಗಡಿಯಾರದ ವ್ಯತ್ಯಾಸ ಹೇಳುವುದು ಕೇವಲ ರೇಖಾಂಶದ ಸಂಗತಿ, ಅದೂ ಸ್ಥೂಲವಾಗಿ. 80° ಉತ್ತರ ಅಕ್ಷಾಂಶದಲ್ಲಿ ಧ್ರುವದ ಆಚೀಚೆ ಎದುರುಬದುರಾಗಿ ಎರಡು ಡೇರೆಗಳನ್ನು ಹಾಕಿ ನೋಡಿ. ಅವುಗಳ ಸ್ಥಳೀಯ ಕಾಲದ ವ್ಯತ್ಯಾಸ 12 ಗಂಟೆ, ದೂರ ಮಾತ್ರ 2,200 ಕಿ.ಮೀ. ಚಿಲ್ಲರೆ.

ಮೂರನೆಯ ಹೇಳಿಕೆ ಹೆಚ್ಚು ಸ್ವಾರಸ್ಯದ್ದು. ಧ್ರುವದ ಮೇಲೆಯೇ ಹಾದು ಬಂದರೆ ದಾರಿ ಎಷ್ಟಾಗುತ್ತದೆ? ಇದಕ್ಕೆ ತ್ರಿಕೋನಮಿತಿಯೂ ಬೇಡ. ಸ್ಯಾನ್ ಫ್ರಾನ್ಸಿಸ್ಕೊದಿಂದ ಧ್ರುವಕ್ಕೆ 52.4°, ಧ್ರುವದಿಂದ ಬೆಂಗಳೂರಿಗೆ 76.8°, ಒಟ್ಟು 129.2°. ಅಂದರೆ ಸುಮಾರು 14,370 ಕಿ.ಮೀ. ಮಹಾವೃತ್ತಕ್ಕಿಂತ ಇದು ಸುಮಾರು 380 ಕಿ.ಮೀ. ಹೆಚ್ಚು. ಧ್ರುವದ ದಾರಿ ಅತಿ ಹತ್ತಿರದ ದಾರಿ ಅಲ್ಲವೇ ಅಲ್ಲ. 13,993 ಕಿ.ಮೀ. ಎಂಬ ಅಂಕಿಯನ್ನೂ ಧ್ರುವದ ದಾರಿಯನ್ನೂ ಒಂದೇ ವಾಕ್ಯದಲ್ಲಿ ಪೋಣಿಸಿದವರು ಈ ಕೂಡಿಕೆಯನ್ನು ಮಾಡಲಿಲ್ಲ.

ಹಾಗಾದರೆ ಅತಿ ಹತ್ತಿರದ ದಾರಿ ಎಲ್ಲಿ ಹೋಗುತ್ತದೆ? ಗ್ಲೋಬಿನ ಮೇಲೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಬೆಂಗಳೂರಿನಿಂದ ಅದು ಉತ್ತರ ದಿಕ್ಕಿಗಿಂತ ಸುಮಾರು 20° ಪೂರ್ವಕ್ಕೆ ವಾಲಿ ಹೊರಡುತ್ತದೆ. ನೇಪಾಳ, ಟಿಬೆಟ್, ಮಂಗೋಲಿಯದ ಪಶ್ಚಿಮ ಭಾಗ, ಸೈಬೀರಿಯ ದಾಟಿ ಆರ್ಕ್‌ಟಿಕ್ ಕರಾವಳಿಯ ಬಳಿ 71° ಉತ್ತರ ಅಕ್ಷಾಂಶವನ್ನು ಮುಟ್ಟುತ್ತದೆ. ಅಲ್ಲಿಂದ ಇಳಿಮುಖವಾಗಿ ಅಲಾಸ್ಕದ ಮೇಲೆ ಹಾದು ಕ್ಯಾಲಿಫೋರ್ನಿಯ ಸೇರುತ್ತದೆ. 30 ಸೆಂ.ಮೀ. ವ್ಯಾಸದ ಗ್ಲೋಬಿನಲ್ಲಿ ಈ ದಾರದ ಉದ್ದ 32.9 ಸೆಂ.ಮೀ. ಧ್ರುವದ ಗೂಟಕ್ಕೂ ದಾರಕ್ಕೂ ನಡುವೆ ಐದು ಸೆಂ.ಮೀ. ಜಾಗ ಉಳಿಯುತ್ತದೆ. ದಾರವನ್ನು ಧ್ರುವದವರೆಗೆ ಎಳೆದು ತಂದು ಅಳೆದರೆ 33.8 ಸೆಂ.ಮೀ. ಆ ಒಂಬತ್ತು ಮಿಲಿಮೀಟರನ್ನು ಹಿಂದಿನ ಬೆಂಚಿನ ವಿದ್ಯಾರ್ಥಿಯೂ ಕಣ್ಣಾರೆ ನೋಡಬಹುದು.

ಗೋಡೆ ನಕ್ಷೆಯ ತಪ್ಪು

ಈ ದಾರದ ಪ್ರಯೋಗವನ್ನು ನಾನು ಕಲಿತದ್ದು ಯಾವ ತರಬೇತಿ ಶಿಬಿರದಲ್ಲೂ ಅಲ್ಲ, ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಗೆ ಇದೇ ಎರಡು ಊರುಗಳ ದೂರವನ್ನು ಅಳೆದು ಬರೆಯಲು ಕೊಟ್ಟಿದ್ದೆ. ತರಗತಿಯಲ್ಲಿ ಮರ್ಕೇಟರ್ ಮಾದರಿಯ ಪ್ರಪಂಚ ನಕ್ಷೆ ತೂಗುಹಾಕಿತ್ತು. ಅದರ ಮೇಲೆ ಅಳತೆಪಟ್ಟಿ ಇಟ್ಟು, ಅರೇಬಿಯ, ಆಫ್ರಿಕ, ಅಟ್ಲಾಂಟಿಕ್ ದಾಟಿ ಗೆರೆ ಎಳೆದು, ಕೆಳಗಡೆ ಮುದ್ರಿಸಿದ್ದ ಮಾನದಿಂದ ಗುಣಿಸಿ ನಾನು ಇಟ್ಟುಕೊಂಡಿದ್ದ ಉತ್ತರ 22,500 ಕಿ.ಮೀ. ಒಬ್ಬಳು ಹುಡುಗಿ ಪ್ರಯೋಗಾಲಯದ ಗ್ಲೋಬಿಗೆ ದಾರ ಸುತ್ತಿ 14,000 ಎಂದು ಬರೆದಳು. ನಾನು ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿದೆ. ಅವಳಿಗೆ ನಾನು ಕೊಡಬೇಕಾದ ಎರಡು ಅಂಕ ಇನ್ನೂ ಬಾಕಿ ಇದೆ.

ನನ್ನ ಉತ್ತರ ಬರೀ ತಪ್ಪಲ್ಲ, ಅಸಾಧ್ಯ. ಭೂಮಿಯ ಮೇಲೆ ಯಾವ ಎರಡು ಸ್ಥಳಗಳ ಕನಿಷ್ಠ ದೂರವೂ ಸುತ್ತಳತೆಯ ಅರ್ಧವನ್ನು, ಅಂದರೆ ಸುಮಾರು 20,000 ಕಿ.ಮೀ.ಯನ್ನು ಮೀರಲಾರದು. ಇಷ್ಟು ಸರಳ ತಾಳೆಯನ್ನು ನೋಡುವ ಅಭ್ಯಾಸ ನನಗೆ ಇರಲಿಲ್ಲ.

ತಪ್ಪು ಎರಡು ಕಡೆ ನಡೆದಿತ್ತು. ಗ್ರೀನಿಚ್ ರೇಖೆಯನ್ನು ನಡುವೆ ಇಟ್ಟು ಮುದ್ರಿಸಿದ ನಕ್ಷೆ ಪೆಸಿಫಿಕ್ ಸಾಗರವನ್ನು ಸೀಳಿ ಎರಡು ಅಂಚುಗಳಿಗೆ ಹಂಚುತ್ತದೆ. ಆದ್ದರಿಂದ ಪೂರ್ವದ ಸಮೀಪದ ದಾರಿ ಇದೆಯೆಂಬುದೇ ಕಣ್ಣಿಗೆ ಬೀಳುವುದಿಲ್ಲ. ಇದು ಮೊದಲನೆಯದು. ಎರಡನೆಯದು ಪ್ರಕ್ಷೇಪದ ಗುಣ. 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ಈ ನಕ್ಷೆಯನ್ನು ಮಾಡಿದ್ದು ನಾವಿಕರಿಗಾಗಿ. ಅದರಲ್ಲಿ ಎಳೆದ ನೇರ ಗೆರೆ ದಿಕ್ಸೂಚಿಯ ಒಂದೇ ಕೋನವನ್ನು ಉದ್ದಕ್ಕೂ ಕಾಯ್ದುಕೊಳ್ಳುತ್ತದೆ. ಚುಕ್ಕಾಣಿ ಹಿಡಿದವನಿಗೆ ಅದು ದೊಡ್ಡ ಅನುಕೂಲ. ಆದರೆ ಆ ಗೆರೆ ಅತಿ ಹತ್ತಿರದ ದಾರಿ ಎಂದು ಮರ್ಕೇಟರ್ ಎಲ್ಲೂ ಭರವಸೆ ಕೊಡುವುದಿಲ್ಲ. ಬೆಂಗಳೂರಿನಿಂದ ಪೂರ್ವಕ್ಕೆ ಅಂಥ ಗೆರೆಯನ್ನು ಹಿಡಿದು ಹೋದರೂ 16,100 ಕಿ.ಮೀ. ಆಗುತ್ತದೆ. ಜೊತೆಗೆ, ಮುದ್ರಿತ ಮಾನ ಸಮಭಾಜಕಕ್ಕೆ ಮಾತ್ರ ಅನ್ವಯಿಸುವಂಥದು. 60° ಅಕ್ಷಾಂಶದಲ್ಲಿ ನಕ್ಷೆ ಎಲ್ಲವನ್ನೂ ಎರಡು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ದೋಷ ನಕ್ಷೆಯದಲ್ಲ. ಬೇರೆ ಕೆಲಸಕ್ಕೆ ಮಾಡಿದ ಉಪಕರಣವನ್ನು ನಾವು ಅಳತೆಗೆ ಬಳಸುತ್ತಿದ್ದೇವೆ. ತಕ್ಕಡಿಯಲ್ಲಿ ಬಟ್ಟೆ ಅಳೆದ ಹಾಗೆ.

ಕಾಲದ ಲೆಕ್ಕ

ದೂರಕ್ಕಿಂತಲೂ ಹೆಚ್ಚು ಎಡವಟ್ಟು ಕಾಲದ ವಿಷಯದಲ್ಲಿ. ಊರುಗಳ ನಡುವಿನ ವಿಮಾನ ದೂರ ಮತ್ತು ಪ್ರಯಾಣ ಕಾಲವನ್ನು ಪಟ್ಟಿ ಮಾಡಿಕೊಡುವ ಕೋಷ್ಟಕಗಳನ್ನು ನೀವೂ ನೋಡಿರಬಹುದು. ಅವುಗಳಲ್ಲಿ ಅನೇಕವು ಅನುಸರಿಸುವ ವಿಧಾನ ಒಂದೇ. ಮಹಾವೃತ್ತದ ದೂರವನ್ನು ಗಂಟೆಗೆ 900 ಕಿ.ಮೀ. ಅಥವಾ ಅಂಥದೇ ಒಂದು ವೇಗದಿಂದ ಭಾಗಿಸುವುದು, ಏರಲು ಇಳಿಯಲು ಅರ್ಧ ಗಂಟೆ ಸೇರಿಸುವುದು. ನಮ್ಮ ಉದಾಹರಣೆಗೆ ಹೀಗೆ ಮಾಡಿದರೆ ಸುಮಾರು 16 ಗಂಟೆ ಬರುತ್ತದೆ. ಹೋಗಲೂ ಅಷ್ಟೇ, ಬರಲೂ ಅಷ್ಟೇ.

ಈಗ 2021ರ ಆ ಮೊದಲ ಹಾರಾಟಕ್ಕೆ ಮುಂಚೆ ಪ್ರಕಟಿಸಿದ್ದ ವೇಳಾಪಟ್ಟಿಯನ್ನು ನೋಡೋಣ. ಸ್ಯಾನ್ ಫ್ರಾನ್ಸಿಸ್ಕೊ ಬಿಡುವುದು 9ರ ರಾತ್ರಿ 8.30ಕ್ಕೆ, ಬೆಂಗಳೂರು ಸೇರುವುದು 11ರ ಬೆಳಗಿನ ಜಾವ 3.45ಕ್ಕೆ. ಗಡಿಯಾರದ ಪ್ರಕಾರ 31 ಗಂಟೆ 15 ನಿಮಿಷ. ಅದರಲ್ಲಿ 13 ಗಂಟೆ 30 ನಿಮಿಷ ಕಳೆದರೆ ನಿಜವಾದ ಪ್ರಯಾಣ 17 ಗಂಟೆ 45 ನಿಮಿಷ. ಹಿಂದಿರುಗುವ ವಿಮಾನ 11ರ ಮಧ್ಯಾಹ್ನ 2.30ಕ್ಕೆ ಬೆಂಗಳೂರು ಬಿಟ್ಟು ಅದೇ ದಿನ ಸಂಜೆ 5ಕ್ಕೆ ಅಲ್ಲಿಗೆ ಸೇರಬೇಕು. ಎರಡೂವರೆ ಗಂಟೆಯಲ್ಲಿ ಅಮೆರಿಕ! ಇಲ್ಲಿ 13½ ಗಂಟೆ ಕೂಡಬೇಕು, ಆಗ 16 ಗಂಟೆ. ಕೋಷ್ಟಕದ ಉತ್ತರ ಒಂದು ದಿಕ್ಕಿಗೆ ಸರಿಹೋಯಿತು, ಇನ್ನೊಂದಕ್ಕೆ ಒಂದು ಮುಕ್ಕಾಲು ಗಂಟೆ ತಪ್ಪಿತು. ಇದೇ ಲೆಕ್ಕವನ್ನು ಜುಲೈ ತಿಂಗಳಿಗೆ ಹಾಕುವವರು ಇನ್ನೊಂದು ಎಚ್ಚರ ವಹಿಸಬೇಕು. ಬೇಸಗೆಯಲ್ಲಿ ಕ್ಯಾಲಿಫೋರ್ನಿಯದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡುವುದರಿಂದ ಆಗಿನ ವ್ಯತ್ಯಾಸ 12½ ಗಂಟೆ.

ಒಂದೇ ಊರುಗಳು, ಒಂದೇ ಬಗೆಯ ವಿಮಾನ. ಮತ್ತೆ ಈ ವ್ಯತ್ಯಾಸ ಏಕೆ? ಮಕ್ಕಳನ್ನು ಕೇಳಿದರೆ ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದೇ ಕಾರಣ ಎನ್ನುತ್ತಾರೆ. ವಿಮಾನ ಪಶ್ಚಿಮಕ್ಕೆ ಹಾರಿದರೆ ಊರೇ ಅದರ ಕಡೆಗೆ ತಿರುಗಿ ಬರಬೇಕಲ್ಲವೇ ಎಂಬುದು ಅವರ ತರ್ಕ. ಹಾಗಿದ್ದರೆ ಪಶ್ಚಿಮದ ಪ್ರಯಾಣಕ್ಕೆ ಕಡಿಮೆ ಹೊತ್ತು ಹಿಡಿಯಬೇಕಿತ್ತು. ಲೋಕದಲ್ಲಿ ಸಾಮಾನ್ಯವಾಗಿ ಆಗುವುದು ಇದರ ತಿರುಗುಮುರುಗು. ವಾಯುಮಂಡಲವೂ ಭೂಮಿಯೊಡನೆ ತಿರುಗುತ್ತಿದೆ, ವಿಮಾನ ಹಾರುವುದು ಆ ಗಾಳಿಯೊಳಗೆ. ಎಣಿಕೆಗೆ ಬರುವುದು ನೆಲಕ್ಕೆ ಹೋಲಿಸಿದರೆ ಗಾಳಿ ಎತ್ತ ಚಲಿಸುತ್ತಿದೆ ಎಂಬುದು. ಮಧ್ಯ ಅಕ್ಷಾಂಶಗಳಲ್ಲಿ, ಜೆಟ್ ವಿಮಾನಗಳು ಹಾರುವ ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಜೆಟ್ ಪ್ರವಾಹವೆಂಬ ಗಾಳಿಯ ಹೊಳೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತಿರುತ್ತದೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಅಪರೂಪವಲ್ಲ.

ಇದರ ಬಲವನ್ನು ತೋರಿಸಲು ದೆಹಲಿಯ ಉದಾಹರಣೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ಏರ್ ಇಂಡಿಯಾ ವಿಮಾನ ಮೊದಲು ಅಟ್ಲಾಂಟಿಕ್ ದಾರಿಯಲ್ಲಿ, ಅಂದರೆ ಪಶ್ಚಿಮಕ್ಕೆ, ಸುಮಾರು 13,900 ಕಿ.ಮೀ. ಹಾರುತ್ತಿತ್ತು. 2016ರ ಅಕ್ಟೋಬರಿನಲ್ಲಿ ಅದನ್ನು ಪೂರ್ವಕ್ಕೆ ತಿರುಗಿಸಿ ಪೆಸಿಫಿಕ್ ಮೇಲೆ ಬಿಟ್ಟರು. ದಾರಿ ಸುಮಾರು 15,300 ಕಿ.ಮೀ.ಗೆ ಬೆಳೆಯಿತು. ಪ್ರಯಾಣದ ಕಾಲ ಹೆಚ್ಚಾಗಲಿಲ್ಲ. ಹತ್ತಿರ ಹತ್ತಿರ ಎರಡು ಗಂಟೆ ಕಡಿಮೆಯೇ ಆಗಿ 14½ ಗಂಟೆಗೆ ಇಳಿಯಿತು. 15,300ನ್ನು 14.5ರಿಂದ ಭಾಗಿಸಿ ನೋಡಿ: ಗಂಟೆಗೆ 1,055 ಕಿ.ಮೀ. ಆ ವಿಮಾನದ ಸ್ವಂತ ವೇಗ ಸುಮಾರು 900. ಉಳಿದ 150 ಕಿ.ಮೀ. ಗಾಳಿಯ ಕೊಡುಗೆ. 1,400 ಕಿ.ಮೀ. ಹೆಚ್ಚು ದೂರದ ದಾರಿ ಬೇಗ ತಲುಪಿಸಿತು. 'ದೂರ ಹೆಚ್ಚಾದರೆ ಕಾಲ ಹೆಚ್ಚು' ಎಂಬ ನಮ್ಮ ಬಿಟ್ಟಸ್ಥಳದ ಪ್ರಶ್ನೆಗೆ ಇದು ತಕ್ಕ ಉತ್ತರ.

ಈಗ 2021ರ ವಿಮಾನ ಧ್ರುವದ ಕಡೆಗೆ ಏಕೆ ಹೋಯಿತೆಂಬುದು ಅರ್ಥವಾಗುತ್ತದೆ. ಅದು ಬರಬೇಕಾಗಿದ್ದುದು ಸ್ಯಾನ್ ಫ್ರಾನ್ಸಿಸ್ಕೊದಿಂದ ಇತ್ತ. ಪೆಸಿಫಿಕ್ ಮೇಲೆ ಬಂದರೆ ಆ ಜೆಟ್ ಪ್ರವಾಹ ಎದುರುಗಾಳಿಯಾಗುತ್ತಿತ್ತು. ಧ್ರುವದ ಆಸುಪಾಸಿನಲ್ಲಿ ಅಂಥ ಪ್ರಬಲ ಗಾಳಿ ಇರುವುದಿಲ್ಲ. ಕೆಲವು ನೂರು ಕಿ.ಮೀ. ಸುತ್ತಾದರೂ ಲಾಭವೇ. ಇಳಿದ ಮೇಲೆ ಕ್ಯಾಪ್ಟನ್ ಅಗರ್‌ವಾಲ್ ಈ ದಾರಿಯಿಂದ 10 ಟನ್ ಇಂಧನ ಉಳಿಯಿತೆಂದು ಹೇಳಿದ್ದು ವರದಿಯಾಗಿತ್ತು. ನಕ್ಷೆಯ ದೂರದಲ್ಲಿ ಉಳಿತಾಯ ಹುಡುಕಿದವರಿಗೆ ಈ 10 ಟನ್ ಎಲ್ಲಿಂದ ಬಂತೆಂದು ಹೇಳಲು ಬರುವುದಿಲ್ಲ. ಗಾಳಿಯ ಲೆಕ್ಕ ಹಾಕಿದವರಿಗೆ ಬರುತ್ತದೆ.

ನಮ್ಮ ಗಣಿತ ಪಠ್ಯಗಳಲ್ಲಿ ದೋಣಿ ಮತ್ತು ಪ್ರವಾಹದ ಲೆಕ್ಕಗಳಿಗೆ ಕೊರತೆಯಿಲ್ಲ. ವಿಮಾನ ಬಂದ ಕೂಡಲೇ ಮಾತ್ರ ಪ್ರವಾಹ ನಿಂತುಹೋಗುತ್ತದೆ. ಅದೇ ಲೆಕ್ಕವನ್ನು ಇಲ್ಲಿ ಹಾಕಬಹುದು. ದೂರ 14,000 ಕಿ.ಮೀ., ವಿಮಾನದ ವೇಗ 900, ಗಾಳಿ 100 ಎಂದಿಟ್ಟುಕೊಳ್ಳಿ. ಗಾಳಿಯೊಡನೆ ಹೋಗಲು 14 ಗಂಟೆ, ಎದುರಾಗಿ ಬರಲು 17½ ಗಂಟೆ, ಒಟ್ಟು 31 ಗಂಟೆ 30 ನಿಮಿಷ. ಗಾಳಿಯೇ ಇಲ್ಲದಿದ್ದರೆ 31 ಗಂಟೆ 7 ನಿಮಿಷ. ಹೋಗುವಾಗಿನ ಲಾಭ ಬರುವಾಗಿನ ನಷ್ಟವನ್ನು ತುಂಬಿಕೊಡುವುದಿಲ್ಲ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುವುದೇ ಇದಕ್ಕೆ ಕಾರಣ. ಸರಾಸರಿ ವೇಗವೂ 900 ಅಲ್ಲ, 889. ವೇಗಗಳ ಸರಾಸರಿಯೇ ಸರಾಸರಿ ವೇಗ ಎಂದು ತಿಳಿದಿರುವ ವಿದ್ಯಾರ್ಥಿ ಇಲ್ಲಿ ಒಮ್ಮೆ ನಿಲ್ಲಬೇಕಾಗುತ್ತದೆ. ನಿಜವಾದ ಗಾಳಿ ದಾರಿಯುದ್ದಕ್ಕೂ ಒಂದೇ ಸಮನೆ ಬೀಸುವುದಿಲ್ಲವೆಂಬುದು ಸರಿ. ದೋಣಿಯ ಹೊಳೆಯೂ ಹಾಗೆ ಹರಿಯುವುದಿಲ್ಲವಲ್ಲ!

ಗಾಳಿ ಅನುಕೂಲವಾಗಿದ್ದರೂ ದಾರವು ತೋರಿಸಿದ ದಾರಿಯಲ್ಲೇ ಹಾರಲಾಗದಿರುವುದಕ್ಕೆ ಬೇರೆ ಕಾರಣಗಳಿವೆ. ನಮ್ಮ ಮಹಾವೃತ್ತ ಟಿಬೆಟ್ ಮೇಲೆ ಹೋಗುತ್ತದೆ ಎಂದೆವಷ್ಟೆ. ವಿಮಾನದೊಳಗಿನ ಗಾಳಿಯ ಒತ್ತಡ ಕುಸಿದರೆ ಚಾಲಕರು ಕೂಡಲೇ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕು. ಪ್ರಯಾಣಿಕರ ತಲೆಯ ಮೇಲಿಂದ ಇಳಿಬೀಳುವ ಮುಖವಾಡದಲ್ಲಿ ಆಮ್ಲಜನಕ ಕೆಲವೇ ನಿಮಿಷಗಳಷ್ಟು. ಟಿಬೆಟ್ ಪ್ರಸ್ಥಭೂಮಿಯ ನೆಲದ ಸರಾಸರಿ ಎತ್ತರವೇ 4,500 ಮೀಟರ್ ಆಸುಪಾಸು. ಇಳಿಯುವುದೆಲ್ಲಿಗೆ? ಆದ್ದರಿಂದ ವಿಮಾನಗಳು ಸಾಧ್ಯವಾದಷ್ಟೂ ಅದನ್ನು ಬಳಸಿಕೊಂಡು ಹೋಗುತ್ತವೆ.

ದೇಶಗಳ ಜಗಳವೂ ದಾರಿಯನ್ನು ಬಾಗಿಸುತ್ತದೆ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಬಳಿಕ ರಷ್ಯವು ಯುರೋಪಿನ ಹಲವು ದೇಶಗಳ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಫಿನ್‌ಲೆಂಡಿನ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೊಗೆ ಒಂಬತ್ತೂವರೆ ಗಂಟೆಯಲ್ಲಿ ತಲುಪುತ್ತಿದ್ದ ಫಿನ್‌ಏರ್ ವಿಮಾನ ಉತ್ತರ ಧ್ರುವವನ್ನು ಬಳಸಿ 13 ಗಂಟೆ ಹಾರಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ಆಕಾಶ ಮುಚ್ಚಿದಾಗ ದೆಹಲಿಯಿಂದ ಯುರೋಪು, ಅಮೆರಿಕಗಳಿಗೆ ಹೋಗುವವರಿಗೂ ಇದೇ ಅನುಭವವಾಯಿತು. ಯಾವ ಊರೂ ಒಂದು ಅಂಗುಲ ಸರಿದಿರಲಿಲ್ಲ. ಕೋಷ್ಟಕದ ದೂರ ಹಾಗೆಯೇ ಇತ್ತು.

'ಇಂತಿಂಥ ನಗರಗಳ ನಡುವೆ ವಿಮಾನ ದೂರ ಎಷ್ಟು, ಕಾಲ ಎಷ್ಟು' ಎಂದು ಒಂದೊಂದು ಅಂಕಿ ಕೇಳುವ ಪ್ರಶ್ನೆಯನ್ನು ಹಾಗಾಗಿ ನಾನು ಕೈಬಿಟ್ಟಿದ್ದೇನೆ. ಅದರ ಬದಲಿಗೆ ಕೊಡುತ್ತಿರುವುದು ಇದು: ಗ್ಲೋಬಿನ ಮೇಲೆ ಎರಡು ಊರುಗಳ ನಡುವೆ ದಾರ ಎಳೆದು ಅಳೆಯಿರಿ, ಗ್ಲೋಬಿನ ಸುತ್ತಳತೆಯನ್ನೂ ಅಳೆಯಿರಿ, ಅನುಪಾತದಿಂದ ಕನಿಷ್ಠ ದೂರವನ್ನು ಕಂಡುಹಿಡಿಯಿರಿ, ಹೋಗುವ ಮತ್ತು ಬರುವ ವಿಮಾನದ ವೇಳಾಪಟ್ಟಿಯಿಂದ ನಿಜವಾದ ಕಾಲವನ್ನು ತೆಗೆದು ಎರಡೂ ದಿಕ್ಕಿನ ಸರಾಸರಿ ವೇಗವನ್ನು ಹೋಲಿಸಿ, ವ್ಯತ್ಯಾಸಕ್ಕೆ ಕಾರಣ ಬರೆಯಿರಿ. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಜೋಡಿಗೆ 2021ರ ವೇಳಾಪಟ್ಟಿಯಿಂದ ಪೂರ್ವಕ್ಕೆ ಗಂಟೆಗೆ 875 ಕಿ.ಮೀ., ಇತ್ತ ಬರುವಾಗ 788 ಕಿ.ಮೀ. ಬರುತ್ತದೆ. 30 ಸೆಂ.ಮೀ. ಗ್ಲೋಬಿನಲ್ಲಿ ದಾರದ ಉದ್ದ 32ರಿಂದ 34 ಸೆಂ.ಮೀ. ಒಳಗೆ ಯಾವುದೇ ಇದ್ದರೂ ಪೂರ್ಣ ಅಂಕ.